ಹಂಡೆಗೆ ಹೋದ ಬೀದಿಗಳು

ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರ ಇನ್ನೂ ಎದ್ದಿಲ್ಲ. ಹಳೇ ಉಣ್ಣೆ ಗಿರಣಿಯ ಹಿಂದೆ ಕೆಡವದೆ ಉಳಿಸಿದ ಒಂದೇ ಒಂದು ಕೂಲಿಕಾರರ ಮನೆಸಾಲಿದೆ, ಈಗ ಅದೊಂದು ಪುಟ್ಟ ಮ್ಯೂಸಿಯಂ. ಅದರ ಕೊನೆಯ ಕೋಣೆಯಲ್ಲಿ ಮಾವಿಸ್ ಬೂತ್‌ರಾಯ್ಡ್ ಮಂಡಿಯೂರಿ ಕೂತು ತಾಮ್ರದ ಹಂಡೆಯ ಕೆಳಗೆ ಬೆಂಕಿ ಊದುತ್ತಿದ್ದಾರೆ. ಮೈಮೇಲೆ ನೂರೈವತ್ತು ವರ್ಷ ಹಿಂದಿನ ಬಟ್ಟೆ ಒಗೆಯುವ ಹೆಂಗಸಿನ ವೇಷ: ಗೋಣಿಯ ಏಪ್ರನ್ನು, ಬಿಳಿ ಟೋಪಿ, ಮೊಣಕೈವರೆಗೆ ಮಡಚಿದ ತೋಳು. ಕಾಲಿಗೆ ಮಾತ್ರ ಇವತ್ತಿನ ಮೆತ್ತನೆ ಬೂಟು. "ಮಂಡಿ ನೋವು. ವಿಕ್ಟೋರಿಯಾ ರಾಣಿಗೆ ಹೇಳ್ಬೇಡಿ ಮತ್ತೆ," ಎನ್ನುತ್ತಾರೆ.

ಆ ರಾಣಿಯ ಕಾಲದ ನಗರ ಹೇಗಿತ್ತೆಂದು ಶಾಲೆಯ ಮಕ್ಕಳಿಗೆ ಚಿತ್ರ ಬರೆಸಿ, ನಾಟಕ ಆಡಿಸಿ ಕಲಿಸುವುದು ಮಾವಿಸ್ ಅವರ ಕೆಲಸ. ಮೂವತ್ತು ವರ್ಷದಿಂದ ಇದೇ. ಮ್ಯೂಸಿಯಂನ ಕರಪತ್ರದಲ್ಲಿ ಅವರ ಹೆಸರಿಲ್ಲ, 'ಮಕ್ಕಳಿಗೆ ಚಟುವಟಿಕೆ ಉಂಟು' ಎಂದಷ್ಟೇ ಇದೆ. ಚಟುವಟಿಕೆಯಂತೆ!

ಅವರು ಹುಟ್ಟಿದ್ದು ಇಂಥದೇ ಸಾಲಿನಲ್ಲಿ, ಎರಡು ಬೀದಿ ಆಚೆ. ಅದನ್ನು ನೆಲಸಮ ಮಾಡಿದಾಗ ಮಾವಿಸ್ ಇನ್ನೂ ಲಂಗದ ಹುಡುಗಿ. ಆಮೇಲೆ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಬಡಿಸುತ್ತಿದ್ದರು. ಬಟ್ಟೆ ಹಿಂಡುವ ಹಳೇ ಉರುಳೆಯನ್ನು ತಿರುಗಿಸಲು ಬರುವವರು ಬೇಕೆಂದು ಇಲ್ಲಿಂದ ಕರೆ ಬಂತು. ಅಮ್ಮನ ಜೊತೆ ತಿರುಗಿಸಿದ ಕೈ, ಬಂದುಬಿಟ್ಟರು.

ಪಾಠ ಶುರುವಾಗುವುದು ಹಳೇ ಬೆಡ್‌ಶೀಟುಗಳಿಂದ. ಮಕ್ಕಳು ಅವುಗಳ ಮೇಲೆ ಇದ್ದಿಲಿನಿಂದ ಚಿಮಣಿ, ಕಿಟಕಿ, ಬೆಕ್ಕು, ಕುಡುಕ ಎಲ್ಲವನ್ನೂ ಬರೆಯುತ್ತಾರೆ. ಅದನ್ನೇ ಬೀದಿಗೆ ಅಡ್ಡಲಾಗಿ ಹಗ್ಗಕ್ಕೆ ನೇತುಹಾಕಿದರೆ ರಂಗಸಜ್ಜಿಕೆ ಆಯಿತು. ಆ ಕಾಲದಲ್ಲಿ ಸೋಮವಾರ ಇಡೀ ಬೀದಿಗೆ ಒಗೆಯುವ ದಿನ. ಅದೇ ಹೊತ್ತಿಗೆ ಕಲ್ಲಿದ್ದಲಿನ ಗಾಡಿ ಬರುತ್ತದೆ. ಹೆಂಗಸರೆಲ್ಲ ಕವೆಗೋಲಿನಿಂದ ಹಗ್ಗ ಮೇಲೆತ್ತಿ ಹಿಡಿದರೆ ಸರಿ, ಒಬ್ಬಳು ತಡಮಾಡಿದರೂ ಎಲ್ಲರ ಬಟ್ಟೆ ಮಸಿ. ಅರ್ಧ ತರಗತಿ ಹೆಂಗಸರು, ಇನ್ನರ್ಧ ಗಾಡಿಯವರು.

"ಬಟ್ಟೆ ಎತ್ತಮ್ಮೋ, ಗಾಡಿ ಬಂತು!"

"ನಿಮ್ಮಪ್ಪನ ರಸ್ತೆನಾ ಇದು? ಕಾಯಿ!"

ಜಗಳ ಆಡುತ್ತ ಆಡುತ್ತಲೇ ಮಕ್ಕಳಿಗೆ ಆ ಊರು ಅರ್ಥವಾಗುತ್ತದೆ. ಕಲ್ಲಿದ್ದಲಿಲ್ಲದೆ ನೀರು ಕಾಯದು, ಕಲ್ಲಿದ್ದಲು ಬಂದರೆ ಬಟ್ಟೆ ಉಳಿಯದು. ಕಡೆಗೆ ಚಿತ್ರ ಬರೆದ ಶೀಟುಗಳೂ ಹಂಡೆಗೆ ಬೀಳುತ್ತವೆ. ಬೇಡ ಮಿಸ್, ನಮ್ಮದು ತೊಳೀಬೇಡಿ ಎಂದು ಪ್ರತಿ ತರಗತಿಯೂ ಗೋಗರೆಯುತ್ತದೆ. ಸೋಮವಾರ ಯಾರದೂ ಉಳಿಯುವುದಿಲ್ಲ ಚಿನ್ನ, ಪಾಠವೇ ಅದು ಎಂದು ಹೇಳಿ, ಮಕ್ಕಳು ಹೋದ ಮೇಲೆ ಮಾವಿಸ್ ಮುಳುಗಿಸುತ್ತಾರೆ.

ಆದರೆ ಒಂದು ಸಲದ್ದು ಅವರನ್ನು ಇನ್ನೂ ಕೊರೆಯುತ್ತಿದೆ. ಜೈನಬ್ ಎಂಬ ಹುಡುಗಿ ಕಿಟಕಿಯೊಂದರಲ್ಲಿ ತನ್ನ ತಾತನನ್ನು ಬರೆದಿದ್ದಳು. ಕಾಶ್ಮೀರದ ಮೀರ್‌ಪುರದಿಂದ ಬಂದು ಇದೇ ಗಿರಣಿಯಲ್ಲಿ ರಾತ್ರಿ ಪಾಳಿ ದುಡಿದವರು ಆ ತಾತ. ತನ್ನದನ್ನು ತೊಳೆದಿರಲಾರರು ಎಂದುಕೊಂಡು ಶನಿವಾರ ಅವರನ್ನು ಕೈಹಿಡಿದು ಕರೆತಂದಳು. ಚಿತ್ರ ನೋಡಲೆಂದು ಅವರು ಕೋಟು, ಟೈ ಹಾಕಿಕೊಂಡು ಬಂದಿದ್ದರು. ಹಗ್ಗದ ಮೇಲಿದ್ದದ್ದು ಖಾಲಿ ಶೀಟು.

"ಅವರು ಸುಮಾರು ಹೊತ್ತು ನೋಡಿದ್ರು. ಆಮೇಲೆ, 'ತುಂಬಾ ಬೆಳ್ಳಗೆ ಒಗ್ದಿದೀರಮ್ಮ' ಅಂದ್ರು," ಎನ್ನುತ್ತಾರೆ ಮಾವಿಸ್. "ಬೈದಿದ್ರೆ ಚೆನ್ನಾಗಿತ್ತು."

ಇವತ್ತು ಕೊನೆಯ ತರಗತಿ. ರಜೆ ಕಳೆದ ಮೇಲೆ ಹಂಡೆಗೆ ಬೆಂಕಿಯಿಲ್ಲ. ಮಕ್ಕಳ ಹತ್ತಿರ ಕುದಿಯುವ ನೀರು ಅಪಾಯವೆಂದು ಗೋಡೆಗೆ ದೊಡ್ಡ ವಿಡಿಯೊ ಪರದೆ ಬರುತ್ತಿದೆ, ಅದರಲ್ಲಿ ನಟಿಯೊಬ್ಬಳು ಬಟ್ಟೆ ಒಗೆಯುತ್ತಾಳಂತೆ. ಪಕ್ಕದಲ್ಲಿ ತೂಗುಹಾಕಲು ಇಷ್ಟು ವರ್ಷದ ಮಕ್ಕಳ ಚಿತ್ರ ಒಂದೆರಡು ಕೊಡಿ ಎಂದು ಮೇಲಿನವರು ಕೇಳಿದರು. ಏನು ಕೊಡುವುದು? ಮಕ್ಕಳ ಫೋಟೊ ತೆಗೆಯಲು ಇಲ್ಲಿ ಅನುಮತಿಯಿಲ್ಲ. ಎಲ್ಲ ಬೀದಿಗಳೂ ಸೋಪಿನ ನೀರಲ್ಲಿ ಚರಂಡಿಗೆ ಹೋಗಿವೆ. ಮೂವತ್ತು ವರ್ಷದ ದುಡಿಮೆಗೆ ತೋರಿಸಲು ಒಂದು ಗೆರೆಯೂ ಇಲ್ಲ ಎನ್ನುತ್ತಾರೆ.

ಮಧ್ಯಾಹ್ನ ಗಾಡಿ ಬರುತ್ತದೆ, ಜಗಳವಾಗುತ್ತದೆ, ಕವೆಗೋಲೊಂದು ಜಾರಿ ಅರ್ಧ ಬೀದಿ ಮಸಿಯಾಗುತ್ತದೆ. ನಮ್ಮದು ತೊಳೀಬೇಡಿ ಎಂದು ಈ ಮಕ್ಕಳೂ ಕೇಳಿ ಬಸ್ಸು ಹತ್ತುತ್ತಾರೆ. ಹಂಡೆ ಕುದಿಯುತ್ತಿದೆ. ಮಾವಿಸ್ ಒಂದು ಶೀಟನ್ನು ಹಗ್ಗದಿಂದ ಇಳಿಸಿ ಹಂಡೆಯವರೆಗೆ ಒಯ್ಯುತ್ತಾರೆ. ಅಲ್ಲೇ ನಿಲ್ಲುತ್ತಾರೆ. ಆಮೇಲೆ ಮೇಜಿನ ಮೇಲೆ ಹಾಸಿ, ಮೂಲೆಗೆ ಮೂಲೆ ಕೂಡಿಸಿ, ಇದ್ದಿಲು ಉದುರದಂತೆ ಮಡಚತೊಡಗುತ್ತಾರೆ.

"ಕೊಳೆ ಬಟ್ಟೆ ಮಡಚಿಡ್ತೀಯಾ ಅಂತ ಅಮ್ಮ ಇದ್ದಿದ್ರೆ ಬೈಯೋಳು," ಎನ್ನುತ್ತಾರೆ. "ಇದೊಂದು ಇರ್ಲಿ. ಯಾವ್ದಾದ್ರೂ ಮಗು ತಾತನ್ನ ಕರ್ಕೊಂಡು ಬಂದ್ರೆ?"