ಗೋಡೆಯಾಚೆ ಓದುತ್ತಿದ್ದವಳು

ದೆವ್ವ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು, ಆದರೂ ಅಂಥದ್ದನ್ನೆಲ್ಲ ನಂಬಿದವಳಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ನನ್ನ ಮೊಮ್ಮಗಳು ಕಾವ್ಯಾಗೆ ದಾವಣಗೆರೆಯಲ್ಲಿ ಡಾಕ್ಟರ್ ಓದಲು ಸೀಟು ಸಿಕ್ಕಿತು. ಕಡರನಾಯಕನಹಳ್ಳಿಯ ನಮ್ಮ ಓಣಿಯಲ್ಲಿ ನಾನು ಈ ಸುದ್ದಿ ಹೇಳದ ಮನೆಯಿಲ್ಲ. ಕೆಲವರಿಗೆ ಎರಡೆರಡು ಸಲ ಹೇಳಿದೆ. ಹೊಸ ಮಕ್ಕಳಿಗೆ ಬಿಳಿ ಕೋಟು ತೊಡಿಸುವ ದಿನ ಮನೆಯ ಹಿರಿಯರೊಬ್ಬರು ತಮ್ಮ ಕೈಯಾರೆ ತೊಡಿಸಬೇಕಂತೆ. "ನೀನೇ ಬರ್ಬೇಕು ಅಜ್ಜಿ. ಅಪ್ಪ ಬ್ಯಾಡ, ಎಲ್ಲರ ಮುಂದ ಅಳ್ತಾನೆ," ಎಂದಳು.

ಹರಿಹರದಲ್ಲಿ ಬಸ್ಸು ಬದಲಿಸಿ, ಹೊತ್ತಿಗೆ ಮುಂಚೆಯೇ ಕಾಲೇಜು ಮುಟ್ಟಿದೆ. ದೇಹದಾನ ಮಾಡಿದವರೇ ತಮಗೆ ಮೊದಲ ಗುರು, ಅವರಿಗೆ ಕೈಮುಗಿದೇ ಪಾಠ ಶುರು ಎಂದು ಕಾವ್ಯಾ ಹೇಳಿದ್ದಳು. ಅವಳು ಸಾಲಿಗೆ ನಿಲ್ಲಲು ಹೋದಾಗ, ನಾನೂ ಕೈಮುಗಿದು ಬರೋಣವೆಂದು ಅವಳು ಹೇಳಿದ್ದ ಎರಡನೇ ಮಹಡಿ ಹತ್ತಿದೆ. ಗುಡಿಗೆ ಹೋದ ಹಾಗೆ ಚಪ್ಪಲಿಯನ್ನು ಕೆಳಗಿನ ಮೆಟ್ಟಿಲ ಬಳಿಯೇ ಬಿಟ್ಟೆ. ಮೂಳೆಗಳನ್ನೂ ಗಾಜಿನ ಭರಣಿಗಳನ್ನೂ ಇಟ್ಟ ಕೋಣೆ ತೆರೆದಿತ್ತು. ಕೊನೆಯ ಬೀರುವಿನ ಹಿಂದೆ ನಿಲ್ಲಿಸಿದ್ದ ಅಸ್ಥಿಪಂಜರದ ಪಾದಕ್ಕೆ ನನ್ನ ಮುಡಿಯ ಸೇವಂತಿಗೆ ಇಟ್ಟು ಬಗ್ಗಿದ್ದೆ. ಬಾಗಿಲ ಮುಂದೆ ಚಪ್ಪಲಿ ಇಲ್ಲ, ಒಳಗೆ ಸದ್ದಿಲ್ಲ. ಅಟೆಂಡರ್ ಬೀಗ ಹಾಕಿಕೊಂಡು ಹೋಗೇಬಿಟ್ಟ.

ಬಡಿದೆ, ಕೂಗಿದೆ. ಎಲ್ಲರೂ ಕೆಳಗಿನ ಸಭಾಂಗಣದಲ್ಲಿದ್ದರು. ಮೈಕಿನಲ್ಲಿ ಮಕ್ಕಳ ಹೆಸರು ಒಂದೊಂದಾಗಿ ಕರೆಯುವುದು ಕೇಳುತ್ತಿತ್ತು. ನನ್ನ ಫೋನು ಕಾವ್ಯಾಳ ಚೀಲದಲ್ಲಿ. ಮದ್ದಿನ ವಾಸನೆಗೆ ಕಣ್ಣು ಉರಿದವು. ಭರಣಿಗಳೊಳಗೆ ಕೂಸುಗಳು ಮುದುಡಿಕೊಂಡಿದ್ದವು, ನಾನೂ ಅವುಗಳ ಪಕ್ಕ ಹಾಗೇ ಕುಸಿದೆ.

ಆಗ ಬಲಗಡೆಯ ಗೋಡೆಯಾಚೆ ಒಬ್ಬ ಹುಡುಗಿ ಬಾಯಿಪಾಠ ಮಾಡುವುದು ಕೇಳಿತು. ಗೋಡೆ ಬಡಿದೆ. ಓದು ನಿಂತಿತು.

"ಕೂಗಬ್ಯಾಡ್ರಿ ಅಜ್ಜಿ, ಗಂಟಲು ಒಣಗ್ತೈತೆ. ಕೂಡ್ರಿ, ಹೇಳಿ ಕಳಿಸ್ತೀನಿ."

"ಲಗೂನ ಹೇಳವ್ವ, ಮೊಮ್ಮಗಳ ಹೆಸ್ರು ಬಂದ್ಬಿಡ್ತೈತೆ," ಎಂದೆ. ಮತ್ತೆ ಓದು ಶುರುವಾಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದ ಅಟೆಂಡರ್ ನನ್ನನ್ನು ಕಂಡು ಬೆಚ್ಚಿದ. "ಯಮ್ಮಾ, ನೀವು ಯಾವಾಗ ಬಂದ್ರಿ? ಕಿಟಕಿ ಹಾಕಿಲ್ಲೇನೋ ಅನ್ನಿಸ್ತು, ಅದಕ್ಕ ನಾ ಬಂದೆ."

ಕಿಟಕಿಗಳೆಲ್ಲ ಹಾಕಿಯೇ ಇದ್ದವು. "ಪಕ್ಕದ ಕೋಣೆ ಹುಡುಗಿ ಹೇಳ್ಲಿಲ್ಲೇನು?" ಎಂದೆ. ಅವನು ಮೂಲೆಯ ಕಿಟಕಿ ತೆಗೆದು, "ಬಗ್ಗಿ ನೋಡ್ರಿ," ಎಂದ. ಕಟ್ಟಡ ಆ ಗೋಡೆಗೇ ಮುಗಿದಿತ್ತು. ಆಚೆ ಬರೀ ಬಯಲು, ಕೆಳಗೆ ಬೈಕುಗಳ ಸಾಲು.

ಬರಿಗಾಲಲ್ಲೇ ಓಡಿದೆ. ಕಾವ್ಯಾಳ ಹೆಸರನ್ನು ಎರಡನೇ ಸಲ ಕರೆಯುತ್ತಿದ್ದರು. ಅವಳಿಗೆ ಕೋಟು ತೊಡಿಸಿದೆ. ಆ ಸಂತೋಷ ಬರೆಯಲು ನಾನು ಕಲಿತ ಅಕ್ಷರ ಸಾಲದು.

ಕಾವ್ಯಾ ಈಗ ಮೂರನೇ ವರ್ಷ. "ಅವತ್ತು ನೀ ಏನೂ ತಿಂದಿರ್ಲಿಲ್ಲ, ಶುಗರ್ ಇಳಿದು ಹಂಗ ಕೇಳಿಸೈತೆ," ಎನ್ನುತ್ತಾಳೆ. ಇರಬಹುದು, ಓದಿದವಳು. ಆದರೆ ಇಳಿದದ್ದು ನನ್ನ ಶುಗರ್. ಅಟೆಂಡರನಿಗೆ ಕಿಟಕಿ ನೆನಪಾದದ್ದು ಹೇಗೆ? ನನಗಂತೂ ಗೊತ್ತಿಲ್ಲ. ಆ ಹುಡುಗಿ ಯಾರೇ ಆಗಿರಲಿ, ಯಾವ ಪರೀಕ್ಷೆಗೆ ಓದುತ್ತಿದ್ದಳೋ ಅದರಲ್ಲಿ ಪಾಸಾಗಲಿ.