‘ಮಿಂಚು’ ಅಂತ ಬರೆದರೆ ಸಾಲದು

ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹೆಸರಮ್ಮ ಅಂತ. ಯಂತ್ರದ ಬಿಡಿಭಾಗಗಳ ಜಿಡ್ಡು ತೆಗೆಯುವ ದ್ರವ ಬೆರೆಸಿ, ಕಬ್ಬಿಣದ ಡ್ರಮ್ಮುಗಳಿಗೆ ತುಂಬಿ, ದೂರದೂರಿಗೆ ಕಳಿಸುವ ಕಾರ್ಖಾನೆ ಅದು. ಲಾರಿ ಹತ್ತುವ ಪ್ರತಿ ಡ್ರಮ್ಮಿನ ಮೇಲೆ, ಅದರ ಜೊತೆ ಹೋಗುವ ಕಾಗದದ ಮೇಲೆ, ಒಳಗಿರುವ ವಸ್ತುವಿನ ಸರಿಯಾದ ಹೆಸರು ಇರುವಂತೆ ನೋಡಿಕೊಳ್ಳುವುದು ಅವಳ ಕೆಲಸ. ಕೇಳಿದವರು, ಇದೇನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಇದಕ್ಕೂ ಸಂಬಳವೇ ಅನ್ನುತ್ತಿದ್ದರು. ಅವಳಿಗೆ ಮಾತ್ರ ಬೆಳಗಾದರೆ ತಲೆನೋವು.

ಮೊದಲನೇ ತಲೆನೋವು ಯಜಮಾನರು. ಆ ದ್ರವಕ್ಕೆ ‘ಮಿಂಚು’ ಅಂತ ಹೆಸರಿಟ್ಟಿದ್ದು ಅವರೇ.

“ಡ್ರಮ್ಮಿನ ಮೇಲೆ ಮಿಂಚು ಅಂತ ಇಷ್ಟು ದೊಡ್ಡದಾಗಿದೆಯಲ್ಲಮ್ಮ, ಅದರ ಕೆಳಗೆ ಮತ್ತೇನು ನಿನ್ನ ಪುರಾಣ?” ಅನ್ನುತ್ತಿದ್ದರು.

“ಸರ್, ಮಿಂಚು ಅನ್ನೋದು ನಾವಿಟ್ಟ ಮುದ್ದಿನ ಹೆಸರು. ದಾರೀಲಿ ಸೋರಿದರೆ ಬೆಂಕಿ ಆರಿಸೋರಿಗೆ ಅದರಿಂದ ಏನು ತಿಳಿಯುತ್ತೆ? ಒಳಗಿರೋದು ಅಸಿಟೋನು ಮತ್ತೆ ನೀರು. ಅಸಿಟೋನು ಥಟ್ಟನೆ ಬೆಂಕಿ ಹತ್ತೋ ದ್ರವ, ನೀರಿಂದ ಅಪಾಯ ಇಲ್ಲ. ಅದಕ್ಕೇ ಅಸಿಟೋನ್ ದ್ರಾವಣ ಅಂತಲೇ ಬರೀಬೇಕು. ಅಪಾಯದ ವಸ್ತು ಎರಡಿದ್ದರೆ ಹೆಸರೇ ಬೇರೆ ಆಗುತ್ತೆ, ಎರಡನ್ನೂ ಬಿಡಿಸಿ ಹೇಳಬೇಕು.”

“ಆಯ್ತು ತಾಯಿ, ಸಣ್ಣಕ್ಷರದಲ್ಲಿ ಬರಿ.”

“ಅಕ್ಷರ ಎಷ್ಟು ದಪ್ಪ ಇರಬೇಕು ಅಂತಾನೂ ನಿಯಮ ಇದೆ ಸರ್.”

ಯಜಮಾನರು ಕೈ ಮುಗಿದು ಒಳಗೆ ಹೋಗುತ್ತಿದ್ದರು. ಅದು ಭಕ್ತಿಯಿಂದ ಕೈ ಮುಗಿದದ್ದಲ್ಲ.

ಎರಡನೇ ತಲೆನೋವು ಪಾಕದ ಮೇಷ್ಟ್ರು. ದ್ರವ ಬೆರೆಸುವ ಹಿರಿಯ ರಸಾಯನಜ್ಞ. ಒಲೆ ಮುಂದೆ ನಿಂತ ಅಡುಗೆಯವರಂತೆ ತೊಟ್ಟಿಯ ಪಕ್ಕ ನಿಂತು ಮೂಗರಳಿಸುತ್ತಿದ್ದುದರಿಂದ ಆ ಹೆಸರು. ಕೆಲಸದಲ್ಲಿ ಗಟ್ಟಿಗರು, ಬಾಯಿ ಮಾತ್ರ ಬೀಗ ಹಾಕಿದ ಪೆಟ್ಟಿಗೆ. ಯಾವುದು ಎಷ್ಟು ಹಾಕಿದಿರಿ ಅಂದರೆ, “ಹದಕ್ಕೆ ತಕ್ಕಷ್ಟು” ಅನ್ನುವರು. ಹಿಂದೆ ಯಾರೋ ಕೆಲಸಗಾರ ಅವರ ಹದ ಕದ್ದು ಪಕ್ಕದ ಕಾರ್ಖಾನೆಗೆ ಮಾರಿಕೊಂಡಿದ್ದನಂತೆ. ಅಂದಿನಿಂದ ಅವರಿಗೆ ಎಲ್ಲರೂ ಕಳ್ಳರೇ.

“ಮೇಷ್ಟ್ರೇ, ಹದ ನನಗೆ ಬೇಡ. ಹೊಸದಾಗಿ ಏನಾದ್ರೂ ಸೇರಿಸಿದ್ರಾ, ಅಷ್ಟು ಹೇಳಿ ಸಾಕು.”

“ಎಂದಿನ ಹಾಗೇ ಕಣಮ್ಮ. ನಾನೇನು ದಿನಕ್ಕೊಂದು ವೇಷ ಹಾಕ್ತೀನಾ?”

ಪಾತ್ರೆಯಲ್ಲೇನಿದೆ ಅಂತ ಹೇಳದ ಅಡುಗೆಗೆ ಹೆಸರು ಹೇಳಬೇಕಾದವಳು ತಾನು ಅಂತ ಅವಳು ಮನೆಯಲ್ಲಿ ಗೊಣಗುವಳು. ಆ ಗೊಣಗಾಟಕ್ಕೆ ನಗುತ್ತಿದ್ದವನು ಅವಳ ಭಾವ, ಅಕ್ಕನ ಗಂಡ. ಕಾರ್ಖಾನೆಯ ಲಾರಿ ಓಡಿಸುತ್ತಿದ್ದವನು ಅವನೇ. ಎರಡೂ ಸಂಸಾರ ಒಂದೇ ಮಹಡಿಯಲ್ಲಿ, ಎದುರುಬದುರು ಬಾಗಿಲು. “ಸುಮ್ನಿರೇ ನಾದಿನಿ, ನನ್ನ ಬೆನ್ನಿಗೆ ಎಲ್ಲ ಡ್ರಮ್ಮೂ ಒಂದೇ ಭಾರ” ಅನ್ನುತ್ತಿದ್ದ.

ಅನಾಹುತವಾದ ಸಲವೂ ಲೋಡು ಹೋದದ್ದು ಮಾಮೂಲಿಯಂತೆಯೇ. ಅವಳು ಕೇಳಿದಳು, ಮೇಷ್ಟ್ರು ಎಂದಿನ ಹಾಗೇ ಅಂದರು. ಅವಳು ಅಸಿಟೋನ್ ದ್ರಾವಣ ಅಂತ ಬರೆದು, ಬೆಂಕಿಯ ಚಿತ್ರದ ಚೀಟಿ ಅಂಟಿಸಿ, ಸಹಿ ಹಾಕಿದಳು. ದಾರಿಯಲ್ಲಿ ಒಂದು ಡ್ರಮ್ಮಿನ ಮುಚ್ಚಳ ಸಡಿಲವಾಗಿ ಸೋರಿತು. ಭಾವ ಲಾರಿ ನಿಲ್ಲಿಸಿ ಮುಚ್ಚಳ ಬಿಗಿದ. ತೊಡೆಯವರೆಗೆ ಪ್ಯಾಂಟು ನೆನೆಯಿತು. ಅಸಿಟೋನು ತಾನೇ, ಬೇಗ ಆರುತ್ತೆ ಅಂತ ಅದೇ ಬಟ್ಟೆಯಲ್ಲಿ, ಮಳೆಗೆ ಗಾಜು ಏರಿಸಿಕೊಂಡು ಲಾರಿ ಓಡಿಸಿದ. ಸಾಗಣೆ ಕಂಪನಿಯ ಗೋದಾಮಿನಲ್ಲಿ ಸರಕಿಳಿಸಿ, ಲಾರಿಯನ್ನು ಕಾರ್ಖಾನೆಗೆ ತಂದು ಬಿಟ್ಟು, ಬಸ್ಸು ಹಿಡಿದು ಮನೆಗೆ ಬಂದ.

ಮಾರನೇ ದಿನ ಅವಳು ಕೆಲಸದಲ್ಲಿದ್ದಾಗ ಅಕ್ಕನ ಫೋನು. ಆಸ್ಪತ್ರೆಯಿಂದ.

“ಇವರಿಗೆ ಕಣ್ಣು ಮಂಜಾಗಿದೆ ಕಣೇ. ಎದುರಿಗೆ ನಿಂತ್ರೆ ನನ್ನನ್ನೇ ಯಾರು ಅಂತಾರೆ. ವಾಂತಿ ಬೇರೆ. ನಿನ್ನೆ ಡ್ರಮ್ಮು ಸೋರಿ ಮೈಮೇಲೆ ಬಿತ್ತಂತೆ, ಅದರಲ್ಲಿ ಏನಿತ್ತು ಅಂತ ಡಾಕ್ಟ್ರು ಕೇಳ್ತಿದಾರೆ.”

“ಅಸಿಟೋನು, ನೀರು. ಅಷ್ಟೇ ಅಕ್ಕ.”

ಡಾಕ್ಟರು ತಾವೇ ಫೋನು ತಗೊಂಡರು. “ಅಸಿಟೋನಿಗೆ ಕಣ್ಣು ಹೀಗಾಗಲ್ಲಮ್ಮ. ರಕ್ತ ಪರೀಕ್ಷೆಗೆ ಕಳಿಸಿದೀನಿ, ಆದರೆ ಕಾಯೋಕೆ ಹೆದರಿಕೆ. ಇನ್ನೇನೋ ಇದೆ. ಬೇಗ ವಿಚಾರಿಸಿ.”

ಅವಳು ತೊಟ್ಟಿಯ ಹತ್ತಿರ ಓಡಿದಳು. “ಮೇಷ್ಟ್ರೇ, ಏನು ಹಾಕಿದ್ರಿ?”

“ಎಂದಿನ...”

“ನಮ್ಮ ಭಾವನಿಗೆ ಕಣ್ಣು ಕಾಣ್ತಿಲ್ಲ!”

ಮೇಷ್ಟ್ರು ಆಗ ಬಾಯಿಬಿಟ್ಟರು. ಅಸಿಟೋನು ಬರುವುದು ತಡವಾಗಿತ್ತು. ಅದರ ಬದಲು ಅರ್ಧ ಪಾಲು ಮೆಥನಾಲು ಸುರಿದಿದ್ದರು. ಜಿಡ್ಡು ಚೆನ್ನಾಗಿಯೇ ಹೋಗುತ್ತದೆ, ಯಾರಿಗೆ ಗೊತ್ತಾಗಬೇಕು ಅಂದುಕೊಂಡಿದ್ದರಂತೆ. ಮೆಥನಾಲು ಬೆಂಕಿ ಹತ್ತಿಕೊಳ್ಳುವುದಷ್ಟೇ ಅಲ್ಲ, ವಿಷ. ಚರ್ಮದ ಮೂಲಕವೂ ಮೈಗಿಳಿಯುತ್ತದೆ, ಕಣ್ಣಿನ ನರವನ್ನೇ ತಿನ್ನುತ್ತದೆ. ಅವಳು ಅಲ್ಲೇ ನಿಂತು ಡಾಕ್ಟರಿಗೆ ಹೇಳಿದಳು. “ಸದ್ಯ!” ಅಂದು ಅವರು ಫೋನಿಟ್ಟರು. ಅದಕ್ಕೆ ಬೇಕಾದ ಮದ್ದು ಆಗಲೇ ಶುರುವಾಯಿತು.

ಅವಳಿಗೆ ಅಳಲೂ ಪುರುಸೊತ್ತಿರಲಿಲ್ಲ. ಅದೇ ಸುಳ್ಳು ಹೆಸರು ಹೊತ್ತ ಉಳಿದ ಡ್ರಮ್ಮುಗಳು ಗೋದಾಮಿನಲ್ಲಿದ್ದವು. ಬೇರೆ ಯಾರೋ ಡ್ರೈವರು ಅವನ್ನು ಮುಂದಕ್ಕೆ ಒಯ್ಯುವವನಿದ್ದ. ಹೊಸ ಚೀಟಿಗಳನ್ನು ತಲೆಬುರುಡೆಯ ಚಿತ್ರದ ಸಮೇತ ಬ್ಯಾಗಿಗೆ ತುರುಕಿ ಆಟೋ ಹತ್ತಿದಳು.

ಗೋದಾಮಿನ ಗುಮಾಸ್ತ ಕಿಟಕಿಯ ಹಿಂದೆ ಚಹಾ ಕುಡಿಯುತ್ತಿದ್ದ. ಎಲ್ಲ ಕೇಳಿ, ಕಾಗದ ತೆಗೆದು ನೋಡಿದ.

“ಕಾಗದದಲ್ಲಿ ಅಸಿಟೋನ್ ದ್ರಾವಣ. ಡ್ರಮ್ಮಿನ ಮೇಲೂ ಅಸಿಟೋನ್ ದ್ರಾವಣ. ಎರಡೂ ತಾಳೆ ಆಗುತ್ತಲ್ಲ ಮೇಡಂ?”

“ಎರಡೂ ನಾನೇ ಬರೆದದ್ದು, ತಾಳೆ ಆಗದೆ ಇನ್ನೇನು? ಒಳಗಿರೋದಕ್ಕೆ ತಾಳೆ ಆಗಲ್ಲ!”

“ಒಳಗಿರೋದು ನೋಡೋದು ನಮ್ಮ ಕೆಲಸ ಅಲ್ಲ. ನೀವು ಡ್ರಮ್ಮಿನ ಹೆಸರು ಬದಲಾಯಿಸಿದ್ರೆ ಆಗ ತಾಳೆ ತಪ್ಪುತ್ತೆ. ಅದಕ್ಕೆ ನಾನು ಬಿಡೋಕಾಗಲ್ಲ.”

“ಕಾಗದಾನೂ ಬದಲಾಯಿಸ್ತೀನಿ.”

“ಒಪ್ಪಿಕೊಂಡ ಕಾಗದ ಬದಲಾಯಿಸೋಕೆ ನಿಮ್ಮ ಯಜಮಾನರು ಹೇಳ್ಬೇಕು.”

ಯಜಮಾನರು ಫೋನಿನಲ್ಲೇ ಕೂಗಾಡಿದರು. “ಮಿಂಚಿಗೆ ತಲೆಬುರುಡೆ ಅಂಟಿಸಿದ್ರೆ ನಾಳೆ ಯಾರು ಕೊಳ್ತಾರೆ? ಆಸ್ಪತ್ರೆ ನಾನು ನೋಡ್ಕೋತೀನಿ. ನೀನು ವಾಪಸ್ ಬಾ!”

ಗೋಡೆಗಾದರೂ ಕಿವಿ ಇರುತ್ತದೆ ಅನ್ನುತ್ತಾರೆ. ಇವರಿಗೆ ಅದೂ ಇರಲಿಲ್ಲ. ಡ್ರಮ್ಮುಗಳನ್ನು ಹತ್ತಿಸಲು ಹೊಸ ಲಾರಿ ಹಿಂದಕ್ಕೆ ಸರಿಯುತ್ತಿತ್ತು. ಅವಳು ಹೋಗಿ ಅದಕ್ಕೂ ಡ್ರಮ್ಮುಗಳಿಗೂ ನಡುವೆ, ಒದ್ದೆ ಸಿಮೆಂಟಿನ ನೆಲದಲ್ಲಿ ಕೂತುಬಿಟ್ಟಳು.

“ಮೇಡಂ, ಏಳಿ! ಇದೇನು ನಾಟಕ?” ಗುಮಾಸ್ತ ಓಡಿಬಂದ.

“ನಾಟಕಾನೇ ಅಂದ್ಕೊಳ್ಳಿ. ಅಗ್ನಿಶಾಮಕದೋರಿಗೆ ಫೋನ್ ಮಾಡಿದೀನಿ, ಅವರೂ ನೋಡೋಕೆ ಬರ್ತಿದಾರೆ.”

ನಿಜಕ್ಕೂ ಮಾಡಿದ್ದಳು. ಅವರು ಬಂದು, ಅವಳ ಮಾತು ಕೇಳಿ, ಗುಮಾಸ್ತನನ್ನು ಪಕ್ಕಕ್ಕೆ ಕರೆದು ಎರಡು ಮಾತಾಡಿದ ಮೇಲೆ ಡ್ರಮ್ಮುಗಳು ನಿಂತಲ್ಲೇ ನಿಂತವು. ‘ಬೆಂಕಿ ಹತ್ತಿಕೊಳ್ಳುವ ದ್ರವ, ವಿಷಕಾರಿ; ಅಸಿಟೋನ್ ಮತ್ತು ಮೆಥನಾಲ್ ಇದೆ’ ಅನ್ನುವ ಚೀಟಿಯನ್ನು ಒಂದೊಂದಕ್ಕೂ ತಾನೇ ಅಂಟಿಸಿದಳು. ಸೋರಿದ್ದ ಡ್ರಮ್ಮಿನ ಹತ್ತಿರ ಮಾತ್ರ ಅವರು ಅವಳನ್ನು ಬಿಡಲಿಲ್ಲ.

ಭಾವ ಬದುಕಿದ. ಕಣ್ಣು ಪೂರ್ತಿ ಹೋಗಲಿಲ್ಲ, ಪೂರ್ತಿ ಬರಲೂ ಇಲ್ಲ. ತೀರ ಹತ್ತಿರ ಬಂದರೆ ಮುಖ ತಿಳಿಯುತ್ತದೆ, ಓದಲಾಗುವುದಿಲ್ಲ. ಲಾರಿ ಬಿಡಬೇಕಾಯಿತು. ಈಗ ಕಾರ್ಖಾನೆಯ ಗೇಟಿನಲ್ಲಿ ಕೂರುತ್ತಾನೆ. ಬಂದವರನ್ನು ದನಿಯಿಂದ ಗುರುತು ಹಿಡಿದು, ತಪ್ಪಿದರೆ ತಾನೇ ನಗುತ್ತಾನೆ. ತನಿಖೆಯವರು ಬಂದು ಹೋದರು. ಮೇಷ್ಟ್ರು ಕೆಲಸ ಬಿಟ್ಟರು. ಹೋಗುವ ಮೊದಲು ಆಸ್ಪತ್ರೆಗೆ ಬಂದು ಭಾವನ ಮಂಚದ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋದರು. ಈಗ ತೊಟ್ಟಿಗೆ ಏನು ಸುರಿದರೂ ಅವಳ ಕಣ್ಣೆದುರೇ ಸುರಿಯಬೇಕು. ಯಜಮಾನರು ಇದಕ್ಕೆ ಒಪ್ಪಿದ್ದು ಬುದ್ಧಿ ಬಂದು ಅಲ್ಲ, ಹೆದರಿ.

ಅಕ್ಕ ಮಾತ್ರ ತಿಂಗಳುಗಟ್ಟಲೆ ಇವಳಿಗೆ ಎದುರು ಬಾಗಿಲು ತೆರೆಯಲಿಲ್ಲ. ಕೊನೆಗೊಂದು ದಿನ ಮೆಟ್ಟಿಲಲ್ಲಿ ಎದುರಾದಾಗ ಇವಳೇ ತಡೆದಳು.

“ಅಕ್ಕ, ನಾನು ಕೇಳಿದ್ದೆ. ಮೇಷ್ಟ್ರನ್ನ ಕೇಳೇ ಬರೆದೆ.”

“ಗೊತ್ತು ಕಣೇ. ಎಲ್ಲಾ ಗೊತ್ತು,” ಅಂದಳು ಅಕ್ಕ. “ಆದರೂ ಆ ಕಾಗದದ ಮೇಲಿರೋದು ನಿನ್ನ ಸಹಿ. ನನಗೆ ಬೈಯೋಕೆ ಬೇರೆ ಯಾರು ಸಿಗ್ತಾರೆ ಹೇಳು?”

ಇವಳು ಅಕ್ಕನ ಕೈಯಲ್ಲಿದ್ದ ಭಾರದ ತರಕಾರಿ ಚೀಲದ ಒಂದು ಹಿಡಿ ಹಿಡಿದುಕೊಂಡಳು. ಅಕ್ಕ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಮೇಲಕ್ಕೆ ಹತ್ತಿದರು.