ನುಂಗುವುದನ್ನು ನೋಡುವ ಡಾಕ್ಟರು

ಕಳವಾ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ಯೋಗೀಶ ಕ್ಯಾಂಟೀನಿನಲ್ಲಿ ವಡಾಪಾವ್ ತಿನ್ನುವುದನ್ನು ಡಾಕ್ಟರ್ ದಯಾನಂದರು ಕಣ್ಣು ಮಿಟುಕಿಸದೆ ನೋಡಿದರು. ಪಾಪ, ಹಸಿದಿದ್ದಾರೆಂದು ತಿಳಿದ ಆ ಜಾಣ ಎಂಜಲಿನಲ್ಲೇ ಅರ್ಧ ಮುರಿದು ಅವರ ಮುಂದೆ ಹಿಡಿದ. ಅವರು ನೋಡುತ್ತಿದ್ದದ್ದು ಅವನ ಗಂಟಲನ್ನು. ಅನ್ನನಾಳದ ಕ್ಯಾನ್ಸರಿನ ಬಗ್ಗೆ ನಲವತ್ತು ಪ್ರಬಂಧ ಪ್ರಕಟಿಸಿದ ಈ ಸರ್ಜನ್ನರ ಎದುರು ನಿರ್ಭಯವಾಗಿ ಉಂಡವರು ಯಾರೂ ಇಲ್ಲ. ಮದುವೆಯ ಪಂಕ್ತಿಯಲ್ಲಿ ಕೂತರೂ ಅವರ ಕಣ್ಣು ಎದುರು ಸಾಲಿನ ಕುತ್ತಿಗೆಗಳ ಮೇಲೆಯೇ, ಯಾರಾದರೂ ತುತ್ತಿಗೊಂದು ಗುಟುಕು ನೀರು ಕುಡಿದರೆ, "ಎಷ್ಟು ದಿನದಿಂದ ಹೀಗೆ?" ಎಂದು ಕೇಳುತ್ತಾರೆ, ಆಮೇಲೆ ಆ ಸಾಲಿನಲ್ಲಿ ಯಾರಿಗೂ ಪಾಯಸ ಇಳಿಯುವುದಿಲ್ಲ. ಯಾವ ಚಿಕಿತ್ಸೆ ಮೊದಲಾದರೆ ಒಳ್ಳೆಯದೆಂದು ಹೋಲಿಸಿ ನೋಡುವ ಅವರ ಈಗಿನ ಟ್ರಯಲ್‌ನಲ್ಲಿ, ರೋಗಿಗೆ ಮೊದಲು ಆಪರೇಷನ್ನೋ ಕೀಮೋವೋ ಎಂಬುದನ್ನು ಡಾಕ್ಟರಲ್ಲ, ಚೀಟಿ ಎತ್ತಿದಂತೆ ಬರುವ ಮುಚ್ಚಿದ ಲಕೋಟೆ ತೀರ್ಮಾನಿಸುತ್ತದೆ. ಆ ಲಕೋಟೆಗಳ ಕಾವಲೇ ಯೋಗೀಶನ ದೊಡ್ಡ ಹುದ್ದೆ. ಒಂದು ಮಧ್ಯಾಹ್ನ ಅವನ ಅಮ್ಮ ಲೋಲಾಕ್ಷಿ, ಅವನು ಮನೆಯಲ್ಲಿ ಮರೆತ ಊಟದ ಡಬ್ಬಿ ತಂದುಕೊಟ್ಟು, ಕ್ಯಾಂಟೀನಿನಲ್ಲಿ ಕೂತು ಚಹಾದಲ್ಲಿ ಅದ್ದಿದ ಬಿಸ್ಕತ್ತು ನುಂಗಲು ಎರಡು ಸಲ ಕತ್ತು ಚಾಚಿದಳು. ಎದುರಿಗಿದ್ದ ಡಾಕ್ಟರು ಲೋಟ ಕೆಳಗಿಟ್ಟರು. "ಚಪಾತಿ ಇಳಿಯುದಿಲ್ಲ ಡಾಕ್ಟ್ರೆ, ವಯಸ್ಸಾಯ್ತಲ್ಲ," ಎಂದು ಅವಳು ನಕ್ಕಳು. ಪರೀಕ್ಷೆಯಲ್ಲಿ ಕ್ಯಾನ್ಸರೆಂದೇ ಬಂತು. ಟ್ರಯಲ್‌ನ ಒಪ್ಪಿಗೆ ಪತ್ರದೆದುರು ಪೆನ್ನು ಹಿಡಿದು ಅವಳು ಮಗನ ಮುಖ ನೋಡಿದಾಗ, ಯೋಗೀಶ ಕೇಳಿಯೇ ಬಿಟ್ಟ: "ಸರ್, ನಿಮ್ಮ ಅಮ್ಮ ಆಗಿದ್ರೆ ಯಾವುದು ಮೊದಲು ಮಾಡಿಸ್ತಿದ್ರಿ?" "ನನ್ನ ಅಮ್ಮನಿಗೂ ಇದೇ ಆಗಿತ್ತು. ಆಪರೇಷನ್ ಮೊದಲು ಮಾಡಿಸಿದೆ," ಎಂದರು ಡಾಕ್ಟರು. "ಅದು ಸರಿಯೋ ತಪ್ಪೋ ಇವತ್ತಿಗೂ ನಂಗೆ ಗೊತ್ತಿಲ್ಲ ಮಾರಾಯ."